ಭರಣಿ ಮತ್ತು ಕಂಪೆನಿ

ಉಪ್ಪಿನಕಾಯಿ ಮಾರುವವರಿಗೆ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. 'ಇದು ಎಷ್ಟು ವರ್ಷ ಬರುತ್ತೆ?' ಎನ್ನುವುದು ಮೊದಲನೆಯದು. ಅದಕ್ಕೆ ಉತ್ತರ ಸುಲಭ. ಒದ್ದೆ ಚಮಚ ಹಾಕದಿದ್ದರೆ ಮೂರು ವರ್ಷ. ನಿಮ್ಮ ಮನೆಯಲ್ಲಿ ಊಟಕ್ಕೆ ಕೂರುವವರ ಸಂಖ್ಯೆ ನೋಡಿದರೆ ಮೂರು ತಿಂಗಳು. ಎರಡನೆಯದು, 'ನಿಮ್ಮದು ಕಂಪೆನಿಯೋ?' ಎನ್ನುವುದು. ಇದಕ್ಕೆ ನಾನು 1998ರಿಂದಲೂ 'ಅಲ್ಲ, ನಾನೇ' ಎಂದು ಹೇಳುತ್ತ ಬಂದಿದ್ದೇನೆ. ಹೇಳಿದಾಗಲೆಲ್ಲ ಕೇಳಿದವರ ಮುಖದಲ್ಲಿ ಒಂದು ಬಗೆಯ ಅನುಕಂಪ ಸುಳಿಯುತ್ತದೆ. ಮಗುವಿಗೆ ನಾಲ್ಕು ವರ್ಷವಾದರೂ ಮಾತು ಬಾರದಿದ್ದರೆ ನೋಡುತ್ತಾರಲ್ಲ, ಹಾಗೆ. ಇಷ್ಟು ವರ್ಷವಾಯಿತು, ಇನ್ನೂ 'ನಾನೇ'ಯಲ್ಲೇ ಇದ್ದಾಳಲ್ಲ ಪಾಪ!

ನಮ್ಮ ಸಾಗರದ ಕಡೆಗೆ ಅಪ್ಪೆಮಿಡಿಯೆಂದರೆ ಏನೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು. ಇದು ಎಲ್ಲ ಮಾವಿನ ಮರದ ಮಿಡಿಯಲ್ಲ. ಹೊಳೆ ದಂಡೆಗಳಲ್ಲಿ, ಕಾಡಿನಂಚಿನಲ್ಲಿ ತಾನಾಗಿ ಬೆಳೆದ ಕೆಲವು ಮರಗಳ ಕಾಯಿಗೆ ಒಂದು ಪರಿಮಳವಿರುತ್ತದೆ. ತೊಟ್ಟು ಮುರಿದಾಗ ಬರುವ ಸೊನೆಯಲ್ಲಿ ಅದು ಗೊತ್ತಾಗುತ್ತದೆ. ಒಂದು ಮರದ್ದು ಜೀರಿಗೆಯ ವಾಸನೆ, ಇನ್ನೊಂದರದ್ದು ಕರ್ಪೂರದ್ದು, ಮತ್ತೊಂದರದ್ದು ಹೆಸರಿಡಲಾಗದ್ದು. ಒಂದೊಂದು ಮರಕ್ಕೂ ಅದು ನಿಂತ ಊರಿನದೋ, ಮನೆತನದ್ದೋ, ಯಾವ ಕಾಲದಲ್ಲೋ ತೀರಿಕೊಂಡ ಯಾವುದೋ ಅಜ್ಜನದೋ ಹೆಸರು. ಅನಂತಭಟ್ಟನ ಅಪ್ಪೆಯ ಅನಂತಭಟ್ಟರನ್ನು ಕಂಡವರು ಈಗ ಯಾರೂ ಇಲ್ಲ. ಆದರೆ ಅವರ ಹೆಸರು ಹೇಳದೆ ಉಪ್ಪಿನಕಾಯಿಯ ಮಾತಾಡುವ ಮನೆಯೂ ನಮ್ಮಲ್ಲಿಲ್ಲ. ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕ ಇದ್ದೀತೆ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಮಿಡಿ ಬರುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ. ಆ ಎರಡು ತಿಂಗಳು ನನಗೆ ಮದುವೆ ಮನೆಯ ಗಡಿಬಿಡಿ. ಮರ ಹತ್ತುವವನು ತೊಟ್ಟಿನ ಸಮೇತ ಕೊಯ್ದು, ಬುಟ್ಟಿಗೆ ತುಂಬಿ, ಹಗ್ಗದಲ್ಲಿ ಇಳಿಬಿಡಬೇಕು. ನೆಲಕ್ಕೆ ಬಿದ್ದ ಮಿಡಿ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ಪೆಟ್ಟಾಗಿರುತ್ತದೆ. ಅಂಥದು ಒಂದು ಸೇರಿದರೆ ಮೆತ್ತಗಾಗಿ, ಕೊಳೆತು, ಭರಣಿಯನ್ನೇ ಕೆಡಿಸುತ್ತದೆ. ಆಲಿಕಲ್ಲು ಬಿದ್ದ ವರ್ಷವಂತೂ ಕಪ್ಪು ಚುಕ್ಕೆಯ ಮಿಡಿಗಳನ್ನು ಆರಿಸಿ ತೆಗೆಯುವುದರಲ್ಲಿಯೇ ಕಣ್ಣು ಹೋಗುತ್ತದೆ. ಆರಿಸಿದ್ದನ್ನು ತೊಳೆದು, ಒರೆಸಿ, ಭರಣಿಯಲ್ಲಿ ಮಿಡಿ ಒಂದು ಪದರ, ಕಲ್ಲುಪ್ಪು ಒಂದು ಪದರ ಎಂದು ಹಾಕುತ್ತೇವೆ. ಉಪ್ಪು ಕರಗಿ ನೀರು ಬಿಟ್ಟು ಮಿಡಿ ಚಿರುಟಬೇಕು. ಚಿರುಟಿದ ಮೇಲೆ ಆ ಉಪ್ಪುನೀರನ್ನು ಕುದಿಸಿ, ಆರಿಸಿ, ಅದರಲ್ಲಿಯೇ ಸಾಸಿವೆ, ಬ್ಯಾಡಗಿ ಮೆಣಸು, ಅರಿಸಿನ ರುಬ್ಬಿ ಖಾರ ಕೂಡಿಸುವುದು. ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ. ಎಲ್ಲ ಸರಿಯಾದರೆ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಮರದ ಹೆಸರು ಮತ್ತು ತಾರೀಖು ಬರೆದು ಕತ್ತಲೆ ಕೋಣೆಗೆ ಸಾಗಿಸುತ್ತೇನೆ. ನನ್ನ ಹಳೆಯ ಗಿರಾಕಿಗಳು ಮರದ ಹೆಸರು ಹಿಡಿದೇ ಕೇಳುತ್ತಾರೆ. 'ಹೋದ ಸಲದ ಹೊಳೆಬಾಗಿಲ ಮರದ್ದು ಇದೆಯಾ?' ಎಂದು ಬೆಂಗಳೂರಿನಿಂದ ಫೋನು ಬರುತ್ತದೆ. ಆ ಮರ ಈ ವರ್ಷ ರಜೆ ಹಾಕಿದೆ ಎನ್ನುತ್ತೇನೆ. ಅಪ್ಪೆಮರಗಳು ಪ್ರತಿವರ್ಷ ಫಲ ಕೊಡುವ ಕರಾರಿಗೆ ಸಹಿ ಹಾಕಿದವಲ್ಲ.

'ನಾನೇ' ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಮೂವರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಹಿರಿಯವಳು ಬರಲು ಶುರುಮಾಡಿ ಹತ್ತೊಂಬತ್ತು ವರ್ಷ. ಆದರೆ ಉಪ್ಪು ಅಳೆಯುವ ಹಿತ್ತಾಳೆಯ ಸಿದ್ದೆ ನನ್ನ ಕೈಯಲ್ಲಿ, ದುಡ್ಡಿನ ಡಬ್ಬಿಯ ಬೀಗದಕೈ ನನ್ನ ಸೊಂಟದಲ್ಲಿ, ನಷ್ಟವಾದರೆ ಅದೂ ನನ್ನ ತಲೆಯ ಮೇಲೆ. ಒಬ್ಬರೇ ಮಾಡುವ ವ್ಯಾಪಾರವೆಂದರೆ ಇದೇ ತಾನೆ?

ಇಂಥ ನನಗೆ ಕಂಪೆನಿಯ ಪ್ರಸ್ತಾಪ ತಂದವನು ಅಣ್ಣನ ಮಗ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದು, ಅದು ಬೇಸರ ಬಂದು, ಊರಿನದೇ ಏನಾದರೂ ಮಾಡಬೇಕೆಂದು ಹೊರಟ ಹುಡುಗ. ಕಂಪ್ಯೂಟರು ತೆರೆದು ಜಗುಲಿಯಲ್ಲಿ ಕುಳಿತ. 'ಅತ್ತೆ, ನೀನು ಎಷ್ಟು ದಿನ ಅಂತ ಹೀಗೆ ಒಬ್ಬಳೇ ಒದ್ದಾಡ್ತೀಯ? ನಿನ್ನ ಹೆಸರಿಗೆ ಇರೋ ಬೆಲೆ ನಿಂಗೇ ಗೊತ್ತಿಲ್ಲ' ಎಂದು ಶುರುಮಾಡಿದ. ನಾನು ವರ್ಷಕ್ಕೆ 30,000 ಮಿಡಿ ಹಾಕುತ್ತೇನೆ; ಅವನ ಲೆಕ್ಕದಲ್ಲಿ ಮೂರನೆಯ ವರ್ಷಕ್ಕೆ ಅದು 4,00,000. ಶಿವಮೊಗ್ಗದಲ್ಲಿ ಒಂದು ಶೆಡ್ಡು, ಬ್ಯಾಂಕಿನ ಸಾಲ, ಅವನ ಇಬ್ಬರು ಸ್ನೇಹಿತರ ದುಡ್ಡು. ಷೇರಿನಲ್ಲಿ 51 ಪಾಲು ನನ್ನದು. 'ನಿನ್ನ ಮಾತು ಮೀರಿ ಏನೂ ಆಗಲ್ಲ' ಎಂದ. ಹುಡುಗ ಪ್ರಾಮಾಣಿಕ. ಮುಂದೆ ದೊಡ್ಡ ಬಂಡವಾಳದವರು ಬಂದರೆ ಆ 51 ಕರಗುತ್ತ ಹೋಗುತ್ತದೆ ಎಂಬುದನ್ನೂ ತಾನಾಗಿಯೇ ಹೇಳಿದ.

ಅವನು ಬಂದು ಹೋದ ಮೇಲೆ ನಾನೂ ಸುಮ್ಮನೆ ಕೂರಲಿಲ್ಲ. ಸಾಗರದ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಎರಡು ಮಧ್ಯಾಹ್ನ ಕುಳಿತು ಕಾನೂನು ಕೇಳಿಸಿಕೊಂಡೆ. ಕೇಳುತ್ತ ಕೇಳುತ್ತ ಪುರಾಣ ಕೇಳಿದಂತಾಯಿತು. ಕಂಪೆನಿಯೆನ್ನುವುದು ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿಯಂತೆ. ಅದು ಆಸ್ತಿ ಮಾಡಬಹುದು, ಸಾಲ ತೆಗೆಯಬಹುದು, ದಾವೆ ಹೂಡಬಹುದು. ಹುಟ್ಟಿಸಿದವರು ಸತ್ತರೂ ಅದು ಸಾಯುವುದಿಲ್ಲ. ಅದಕ್ಕೆ ಸೂತಕವಿಲ್ಲ, ಶ್ರಾದ್ಧವಿಲ್ಲ. ಪ್ರೈವೇಟ್ ಲಿಮಿಟೆಡ್ ಆಗಬೇಕಾದರೆ ಕನಿಷ್ಠ ಇಬ್ಬರು ಬೇಕು. 2013ರ ಕಾಯ್ದೆ ಬಂದ ಮೇಲೆ ಒಬ್ಬರೇ ಇರುವ ಕಂಪೆನಿಗೂ ಅವಕಾಶವಾಗಿದೆ. ನಮ್ಮಲ್ಲಿ ಏಕವ್ಯಕ್ತಿ ಯಕ್ಷಗಾನ ಇದೆಯಲ್ಲ, ಹಾಗೆ, ರಾಮನೂ ತಾನೇ, ರಾವಣನೂ ತಾನೇ. ಆದರೆ ಅದಕ್ಕೂ ಒಬ್ಬ ನಾಮಿನಿಯ ಹೆಸರು ಕೊಡಬೇಕು, ವರ್ಷವರ್ಷ ಆಡಿಟ್ಟು ಮಾಡಿಸಿ ರಿಜಿಸ್ಟ್ರಾರರಿಗೆ ಲೆಕ್ಕ ಒಪ್ಪಿಸಬೇಕು.

ಇನ್ನು ನನ್ನಂಥವರ ಸ್ಥಿತಿ. ಕಾನೂನಿನ ಕಣ್ಣಿಗೆ ನಾನೂ ನನ್ನ ವ್ಯಾಪಾರವೂ ಒಂದೇ. ನಾಳೆ ನನ್ನ ಉಪ್ಪಿನಕಾಯಿ ತಿಂದು ಯಾರಿಗಾದರೂ ಕಾಯಿಲೆಯಾಗಿ ಪರಿಹಾರ ಕಟ್ಟುವ ಹೊತ್ತು ಬಂದರೆ ಭರಣಿಗಳಷ್ಟೇ ಅಲ್ಲ, ನಾನು ಕುಳಿತ ಮನೆ, ಹಿತ್ತಿಲು, ಕಿವಿಯ ಓಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಂಪೆನಿಯಾದರೆ ಹಾಕಿದ ದುಡ್ಡಿಗೆ ಮಾತ್ರ ಹೊಣೆ. ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಹೇಳಿದರೆ ಅತಿಶಯವಲ್ಲ. ಆದರೆ ಬೆಳಗ್ಗೆ ಎದ್ದು ಮಿಡಿ ಆರಿಸಲು ಕುಳಿತಾಗ ಅನ್ನಿಸಿತು, ಇಷ್ಟು ವರ್ಷ ಒಂದೂ ಬಿದ್ದ ಮಿಡಿ ಭರಣಿಗೆ ಹೋಗದಂತೆ ಕಾದದ್ದು ಈ ಭಯವೇ ಅಲ್ಲವೆ? ಮನೆ ಪಣಕ್ಕಿಟ್ಟು ಕುಳಿತವಳ ಕಣ್ಣು ಸುಮ್ಮನೆ ಚುರುಕಾಗಿರುತ್ತದೆ. ಇದು ಕಾನೂನಿಗೆ ಉತ್ತರವಲ್ಲ ಎಂಬುದು ನನಗೂ ಗೊತ್ತು.

ಅಣ್ಣನ ಮಗನ ಲೆಕ್ಕದಲ್ಲಿ ನನಗೆ ಮೊದಲು ಎಡವಿದ್ದು ದುಡ್ಡಲ್ಲ, ಮರ. 4,00,000 ಮಿಡಿಯನ್ನು ಯಾವ ಮರದಿಂದ ತರುವುದು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತ ಮೇಲೆ ಆ ದಂಡೆಯ ಎಷ್ಟೋ ಒಳ್ಳೆಯ ಮರಗಳು ನೀರಿನಡಿಗೆ ಹೋದವು. ಅವುಗಳ ರುಚಿಯನ್ನು ಹೇಳುತ್ತಿದ್ದ ಹಿರಿಯರೂ ಒಬ್ಬೊಬ್ಬರಾಗಿ ಹೋದರು. ಉಳಿದ ಮರಗಳ ಮಿಡಿಗೆ ಒಳ್ಳೆಯ ಬೆಲೆ ಬಂದಂತೆಲ್ಲ ಕೊಯ್ಯುವವರ ತಾಳ್ಮೆ ಕಡಿಮೆಯಾಗುತ್ತದೆ. ಎಂಬತ್ತು ಅಡಿ ಮರದ ತುದಿಗೆ ಹತ್ತಿ ಒಂದೊಂದೇ ಗೊಂಚಲು ಕೊಯ್ಯುವ ಬದಲು ಟೊಂಗೆಯನ್ನೇ ಕಡಿದು ಕೆಳಗೆ ಕೆಡವಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ರಿಪ್ಪನ್‌ಪೇಟೆಯ ಮಿಡಿ ಮಾರುಕಟ್ಟೆಗೆ ಹಂಗಾಮಿನಲ್ಲಿ ಹೋಗಿ ನಿಂತರೆ ಗೊತ್ತಾಗುತ್ತದೆ: ರಾಶಿಯಲ್ಲಿ ಯಾವ ಮರದ್ದು ಯಾವುದೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

'ಕಸಿ ಗಿಡ ಹಾಕಿಸೋಣ ಅತ್ತೆ' ಎಂದ ಅವನು. ಅದು ಒಳ್ಳೆಯ ಮಾತೇ. ಒಳ್ಳೆಯ ತಳಿಗಳ ಕುಡಿ ತಂದು ಕಸಿ ಕಟ್ಟಿ ತೋಟದಲ್ಲಿ ಬೆಳೆಸಿದ ರೈತರು ನಮ್ಮ ಸುತ್ತ ಎಷ್ಟೋ ಜನರಿದ್ದಾರೆ. ಅವರಿಂದ ಕೆಲವು ತಳಿಗಳಾದರೂ ಉಳಿದಿವೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಕಂಪೆನಿಯ ಕಷ್ಟ ಬೇರೆ. ಅಂಗಡಿಯ ಕಪಾಟಿನಲ್ಲಿ ಕುಳಿತ ಪೊಟ್ಟಣ ಈ ತಿಂಗಳು ಒಂದು ರುಚಿ, ಮುಂದಿನ ತಿಂಗಳು ಇನ್ನೊಂದು ರುಚಿ ಇರುವ ಹಾಗಿಲ್ಲ. ಅದಕ್ಕೆ ಹತ್ತು ಮರದ್ದನ್ನು ಬೆರೆಸಿ ಒಂದು ಸಮ ಮಾಡಲೇಬೇಕು. ನನ್ನ ಗಿರಾಕಿ ಕೊಳ್ಳುವುದೇ ಆ ವ್ಯತ್ಯಾಸವನ್ನು. ಬೆಳೆದದ್ದು ಕಂಪೆನಿ, ಸರಿ. ಬೆಳೆಯುವಾಗ ಭರಣಿಯೊಳಗಿನದು ಮಾತ್ರ ಬೇರೆಯೇ ಆಗಿರುತ್ತದೆ.

ಇಷ್ಟಾದರೂ ಕಂಪೆನಿಯನ್ನು ಹಳಿಯುವ ಚಾಳಿ ನನಗಿಲ್ಲ. ಬೆಂಗಳೂರಿನ ಮಾವಳ್ಳಿಯ ಕಥೆಯನ್ನೇ ನೋಡಿ. 1924ರಲ್ಲಿ ಮಯ್ಯ ಸಹೋದರರು ತೆರೆದ ಕಾಫಿ ಹೋಟೆಲು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿಗೆ ಬೆಲೆ ಕಟ್ಟಿತು. ಆ ಬೆಲೆಗೆ ಆ ರುಚಿ ಕೊಡಲಾಗದೆ ಅವರು ಹೋಟೆಲಿನ ಬಾಗಿಲು ಹಾಕಿ ಇಡ್ಲಿ ಮಿಶ್ರಣದ ಪೊಟ್ಟಣ ಮಾರಲು ಹೊರಟರು. ಹೋಟೆಲು ಆಮೇಲೆ ಮತ್ತೆ ತೆರೆಯಿತು. ಪೊಟ್ಟಣ ಬೆಳೆದು ಎಂ.ಟಿ.ಆರ್. ಫುಡ್ಸ್ ಕಂಪೆನಿಯಾಯಿತು, 2007ರಲ್ಲಿ ಅದನ್ನು ನಾರ್ವೆ ದೇಶದ ಓರ್ಕ್ಲಾ ಕೊಂಡುಕೊಂಡಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಮಾತ್ರ ಮನೆತನದವರ ಕೈಯಲ್ಲೇ ಉಳಿಯಿತು. ಮಾರಿದ ಕಂಪೆನಿಯನ್ನು ಬೆಳೆಸಿದ್ದ ಸದಾನಂದ ಮಯ್ಯರು ಆಮೇಲೆ 'ಮಯ್ಯಾಸ್' ಎಂದು ಹೊಸತಾಗಿ ಶುರುಮಾಡಿದರು. ಒಂದೇ ಮನೆತನದಿಂದ ಎರಡೂ ದಾರಿ ಹೊರಟದ್ದು. ಆ ಪೊಟ್ಟಣದಿಂದಾಗಿ ಪರದೇಶದ ನಮ್ಮ ಮಕ್ಕಳು ಬೆಳಗ್ಗೆ ಇಡ್ಲಿ ತಿನ್ನುತ್ತಿದ್ದಾರೆ. ಅದೇನು ಸಣ್ಣ ಕೆಲಸವೆ? ಆದರೆ ಕಂಪೆನಿಯನ್ನು ಮಾರಬಹುದು, ಅದರ ಜೊತೆ ಹೆಸರೂ ಹೋಗುತ್ತದೆ ಎಂಬುದನ್ನು ಶುರುಮಾಡುವಾಗಲೇ ತಿಳಿದಿರಬೇಕು. ನನ್ನ ವ್ಯಾಪಾರವನ್ನು ಯಾರೂ ಕೊಳ್ಳಲಾರರು. ಕೊಂಡರೆ ಸಿಗುವುದು ಹದಿನೆಂಟು ಭರಣಿ, ಒಂದು ಸಿದ್ದೆ, ಮತ್ತು ಮಂಡಿನೋವಿನ ನಾನು.

ಇನ್ನೊಂದು ಕಥೆ ಬೊಂಬಾಯಿಯದು. 1959ರಲ್ಲಿ ಗಿರಗಾಂವಿನ ಒಂದು ತಾರಸಿಯ ಮೇಲೆ ಏಳು ಹೆಂಗಸರು 80 ರೂಪಾಯಿ ಸಾಲ ತೆಗೆದು ಹಪ್ಪಳ ಲಟ್ಟಿಸಿದರು. ಅದೇ ಲಿಜ್ಜತ್. ಈಗ ಅದರಲ್ಲಿ 40,000ಕ್ಕೂ ಹೆಚ್ಚು ಹೆಂಗಸರಿದ್ದಾರೆ, ಲಟ್ಟಿಸುವವಳೇ ಒಡತಿ. ಆ ಏಳು ಜನರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾನು ಪತ್ರಿಕೆಯ ಆ ಹಾಳೆಯನ್ನು ಹರಿದು ಇಟ್ಟುಕೊಂಡಿದ್ದೇನೆ. ನನ್ನನ್ನು ಹೆಚ್ಚು ಕಾಡಿದ್ದು ಈ ಕಥೆಯೇ. ಅಲ್ಲಿ ಹಿಟ್ಟು ಕಲಸುವುದು ಶಾಖೆಯಲ್ಲಿ, ಒಂದೇ ಅಳತೆಯಲ್ಲಿ. ಹೆಂಗಸರು ಹಿಟ್ಟನ್ನು ಮನೆಗೆ ಒಯ್ದು ಲಟ್ಟಿಸಿ ತಂದು ಕೊಡುತ್ತಾರೆ. ಅಳತೆ ಒಂದು ಕಡೆ, ಕೈ ಸಾವಿರ ಕಡೆ. ಹಪ್ಪಳಕ್ಕೆ ಇದು ಒಗ್ಗುತ್ತದೆ. ಮಿಡಿಗೆ ಒಗ್ಗುವುದಿಲ್ಲ. ಮರ ಬದಲಾದಂತೆ ಹುಳಿ ಬದಲಾಗುತ್ತದೆ, ಹುಳಿ ಬದಲಾದಂತೆ ಉಪ್ಪು. ಅಳೆಯುವ ಕೈ ಭರಣಿಯ ಎದುರಿಗೇ ಇರಬೇಕು. ಇದನ್ನು ನಮ್ಮವರು 'ಕೈಗುಣ' ಎಂದು ದೊಡ್ಡ ಹೆಸರಿಟ್ಟು ಕರೆಯುತ್ತಾರೆ. ಕೈಗುಣವೆಂಬುದು ಬಹಳ ಮಟ್ಟಿಗೆ ಅಳತೆಯನ್ನು ಬೇರೆಯವರಿಗೆ ಹೇಳಿಕೊಡದಿರುವ ಜಾಣತನ ಎಂಬುದು ನನ್ನ ಗುಮಾನಿ. ನನ್ನ ಅತ್ತೆಯೂ ಸಾಯುವ ಎರಡು ವರ್ಷ ಮೊದಲಷ್ಟೇ ನನಗೆ ಸಿದ್ದೆ ಕೊಟ್ಟದ್ದು.

ಈ ಲೆಕ್ಕಾಚಾರಗಳನ್ನೆಲ್ಲ ನಾನು ಜಗುಲಿಯಲ್ಲಿ ಕುಳಿತು ಮಾಡುವಾಗ ಒಳಗೆ ಮಿಡಿ ಒರೆಸುತ್ತಿದ್ದವರಿಗೆ ಕಿವಿಯಿಲ್ಲವೆ? ಒಂದು ಸಂಜೆ ಎಲ್ಲರೂ ಹೊರಟ ಮೇಲೆ ಹಿರಿಯವಳು ಮಾತ್ರ ಬಾಗಿಲಲ್ಲಿ ನಿಂತಳು.

'ಅಮ್ಮಾ, ಕಂಪ್ನಿ ಮಾಡ್ತೀರಾ?'

'ಇನ್ನೂ ಏನೂ ತೀರ್ಮಾನ ಆಗಿಲ್ಲ ಕಣೆ. ನಿಂಗೇನನ್ಸುತ್ತೆ?'

'ಕಂಪ್ನಿ ಆದ್ರೆ ಪಿ.ಎಫ್. ಕೊಡ್ತಾರಂತೆ' ಎಂದಳು. ಸ್ವಲ್ಪ ಹೊತ್ತು ಸೆರಗಿನ ತುದಿ ಸುರುಳಿ ಸುತ್ತುತ್ತ ನಿಂತು, 'ನಿಮ್ಮ ಕೈ ನಿಂತ್ಮೇಲೆ ನಾವೆಲ್ಲಿಗೆ ಹೋಗೋದು ಅಂತ ಒಂದೊಂದ್ಸಲ ಯೋಚ್ನೆ ಬರ್ತದೆ' ಎಂದು ಹೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದಳು.

ಅಣ್ಣನ ಮಗನ ಕಂಪ್ಯೂಟರಿನಲ್ಲಿ ಈ ಮಾತು ಇರಲಿಲ್ಲ. ಲೆಕ್ಕಪರಿಶೋಧಕರೂ ಹೇಳಿರಲಿಲ್ಲ. ಇಪ್ಪತ್ತು ಜನ ಕೆಲಸಗಾರರಿದ್ದರೆ ಭವಿಷ್ಯನಿಧಿ ಕಡ್ಡಾಯ; ಮೂವರಿರುವಲ್ಲಿ ಯಾರೂ ಕೇಳುವುದಿಲ್ಲ. ನಾನು ಕಂಪೆನಿ ಬೇಡವೆಂದರೆ ನನ್ನ ಸ್ವಾತಂತ್ರ್ಯ ಉಳಿಯುತ್ತದೆ, ಅವಳ ಮುಪ್ಪಿಗೆ ಏನೂ ಉಳಿಯುವುದಿಲ್ಲ. 'ಒಬ್ಬಳೇ' ಎಂಬ ನನ್ನ ಮಾತು ಅವಳ ಹತ್ತೊಂಬತ್ತು ವರ್ಷವನ್ನು ಎಣಿಕೆಗೆ ತೆಗೆದುಕೊಂಡಿರಲಿಲ್ಲ. ಅಮರವಾದ ಕಂಪೆನಿಯೆಂಬ ವ್ಯಕ್ತಿಯ ಬಗ್ಗೆ ನಾನು ಮಾಡಿದ ತಮಾಷೆ ಅವಳ ಮಟ್ಟಿಗೆ ತಮಾಷೆಯಲ್ಲ. ನಾನು ಸತ್ತರೆ ನನ್ನ ಮಕ್ಕಳು ಹದಿನೈದು ದಿನ ಬಂದಿದ್ದು, ಭರಣಿಗಳನ್ನು ನೆಂಟರಿಗೆ ಹಂಚಿ, ಮನೆಗೆ ಬೀಗ ಹಾಕಿಕೊಂಡು ಹೋಗುತ್ತಾರೆ. ಅದನ್ನು ಬೇಸರದಿಂದ ಹೇಳುತ್ತಿಲ್ಲ. ಅವರವರ ಬದುಕು ಅವರಿಗಿದೆ.

ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಅಣ್ಣನ ಮಗನಿಗೆ ಬೇಡವೆಂದು ಹೇಳಿದೆ. ಅವನು ಮುನಿಸಿಕೊಳ್ಳಲಿಲ್ಲ. ಮೂವರು ಸ್ನೇಹಿತರು ಸೇರಿ ತೊಡದೇವಿನ ಕಂಪೆನಿ ಮಾಡಿದ್ದಾರೆ. ಗಡಿಗೆಯ ಮೇಲೆ ಹಚ್ಚುವ ಹೆಂಗಸರು ಹನ್ನೆರಡು ಜನ. ಹೊಸ ಪೆಟ್ಟಿಗೆಯ ವಿನ್ಯಾಸವಾದಾಗಲೆಲ್ಲ ನನಗೊಂದು ಕಳಿಸುತ್ತಾನೆ. ಪೆಟ್ಟಿಗೆ ಚೆನ್ನಾಗಿದೆ. ತೊಡದೇವೂ ತೆಳ್ಳಗೆ ಚೆನ್ನಾಗಿಯೇ ಇದೆ, ಸಿಹಿ ಕೊಂಚ ಮುಂದು.

ಹಿರಿಯವಳಿಗೆ ಹೇಳಿದ್ದು ಬೇರೆ. ಹದಿನೆಂಟು ಭರಣಿಯಲ್ಲಿ ನಾಲ್ಕು ಅವಳವು. ಮಿಡಿ, ಉಪ್ಪು, ಸಾಸಿವೆಯ ಖರ್ಚು ನನ್ನದು. ಮರ ಆರಿಸುವುದರಿಂದ ಬಟ್ಟೆ ಕಟ್ಟುವವರೆಗೆ ಹದವೆಲ್ಲ ಅವಳದು, ನಾನು ಕೈ ಹಾಕುವುದಿಲ್ಲ. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅವಳಿಗೆ, ಕೂಲಿ ಬೇರೆ. ನನ್ನ ಕೈ ನಿಂತ ಮೇಲೆ ಭರಣಿಗಳೂ ಗಿರಾಕಿಗಳ ಪುಸ್ತಕವೂ ಅವಳಿಗೆ. ಇದನ್ನು ಛಾಪಾ ಕಾಗದದ ಮೇಲೆ ಬರೆಸಿದ್ದೇನೆ. ಬರೆದ ವಕೀಲರು ಕನ್ನಡಕದ ಮೇಲಿಂದ ನೋಡಿ, 'ಲಾಭ ಹಂಚಿದ ಮಾತ್ರಕ್ಕೆ 1932ರ ಕಾಯ್ದೆಯಲ್ಲಿ ಪಾಲುದಾರಿಕೆ ಆಗೋದಿಲ್ಲ, ಆದರೂ ಏನು ಅಂತ ಸ್ಪಷ್ಟ ಬರೀಬೇಕು. ಇದಕ್ಕೆ ಏನು ಹೆಸರು ಕೊಡೋಣ?' ಎಂದು ಕೇಳಿದರು. ಕರಾರು ಎಂದು ಬರೆಯಿರಿ ಸಾಕು ಎಂದೆ. ಪಿ.ಎಫ್.ಗೆ ಇದು ಸಮವಲ್ಲ. ಅವಳೂ ಅದನ್ನು ಮುಖದ ಮೇಲೆಯೇ ಹೇಳಿದಳು. ಕಾಗದವನ್ನು ಮನೆಗೊಯ್ದು ಮಗಳ ಹತ್ತಿರ ಎರಡು ಸಲ ಓದಿಸಿ, ಮೂರನೆಯ ದಿನ ಸಹಿ ಹಾಕಿದಳು.

ನಡುವಿನವಳಿಗೂ ಒಂದು ಭರಣಿ ತಗೋ ಎಂದೆ. 'ಆಲಿಕಲ್ಲು ಬಿದ್ದು ಮಿಡಿ ಹಾಳಾದ್ರೆ ನಂಗೇನು ಬರ್ತದೆ? ನಂಗೆ ಕೂಲೀನೇ ಇರ್ಲಿ ಅಮ್ಮ, ಬೇಕಾದ್ರೆ ಐವತ್ತು ರೂಪಾಯಿ ಜಾಸ್ತಿ ಮಾಡಿ' ಎಂದಳು. ವ್ಯಾಪಾರದ ಬುದ್ಧಿ ನಮ್ಮೆಲ್ಲರಿಗಿಂತ ಅವಳಿಗೇ ಚೆನ್ನಾಗಿದೆ. ಐವತ್ತು ಜಾಸ್ತಿ ಮಾಡಿದೆ.

ಈ ಹಂಗಾಮಿನಲ್ಲಿ ಹಿರಿಯವಳು ಆರಿಸಿದ್ದು ಹೊಳೆಯಾಚೆಯ ಒಂದು ಮರ. ನಾನು ಆ ಮರದ ಕಡೆಗೆ ಇಷ್ಟು ವರ್ಷ ನೋಡಿಯೂ ಇರಲಿಲ್ಲ; ಮಿಡಿ ಸ್ವಲ್ಪ ಗುಂಡು, ಸೊನೆ ಮಾತ್ರ ಮೂಗಿಗೆ ಹೊಡೆಯುವಷ್ಟು. ಉಪ್ಪು ಹಾಕುವಾಗ ನಾನು ಬೇಕೆಂದೇ ಹಿತ್ತಿಲಿಗೆ ಹೋಗಿ ಬಾಳೆಗೆ ನೀರು ಬಿಡುತ್ತ ನಿಂತೆ. ಬಂದು ನೋಡಿದರೆ ಸಿದ್ದೆ ತುಂಬಿ ಮೇಲೆ ಗೋಪುರ ಬರುವ ಹಾಗೆ ಅಳೆಯುತ್ತಿದ್ದಾಳೆ. ನಾನು ಅಳೆಯುವುದು ಅಂಚಿಗೆ ಸಮ. ಏನೂ ಹೇಳಲಿಲ್ಲ. ಸಂಜೆ ಬಾಯಿಗೆ ಬಟ್ಟೆ ಕಟ್ಟಿ, ಮರದ ಹೆಸರೇನು ಬರೆಯುವುದೆಂದು ಕೇಳಿದಳು. ಹೆಸರಿಲ್ಲದ ಮರವಲ್ಲವೇ, ನೀನೇ ಇಡು ಎಂದೆ. ಬಹಳ ಹೊತ್ತು ಯೋಚಿಸಿ, ತಾರೀಖು ಮಾತ್ರ ಬರೆದು ಹೋದಳು. ಮಳೆಗಾಲ ಕಳೆದ ಮೇಲೆ ಅದನ್ನು ತೆರೆಯಬೇಕು.